ತಂತಿಗೆ ಹಚ್ಚಿದ ಪಂಪು

ಯಾದಗಿರಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಸುದ್ದಿ ತಿದ್ದುತ್ತ ನಾನು ಮುದುಕನಾದೆ. ಕಚೇರಿಗೆ ಕಂಪ್ಯೂಟರುಗಳು ಬಂದ ಮೇಲೆ, ಬೇರೆ ಯಾರೂ ಒಪ್ಪಲಿಲ್ಲವೆಂದು, ಅವುಗಳ ಜಾಲ ನೋಡಿಕೊಳ್ಳುವ ಕೆಲಸವೂ ನನ್ನ ಮೇಲೆ ಬಿತ್ತು. ಇಂಗ್ಲಿಷಿನ ಕೈಪಿಡಿಯನ್ನು ಬೇಸರವಿಲ್ಲದೆ ಓದುತ್ತಿದ್ದೆ ಎಂಬುದೊಂದೇ ನನ್ನ ಅರ್ಹತೆ. ಬಡ್ತಿಯ ಕತೆ, ಸನ್ಮಾನದ ಕತೆ ಇಲ್ಲಿ ಬರೆಯುವುದಿಲ್ಲ. ಈಗ ಈ ಕೆಲಸಕ್ಕೆ ಬರುವವರಿಗೆ ಉಪಯೋಗಕ್ಕೆ ಬರಬಹುದಾದ ಒಂದು ಪ್ರಕರಣವಿದೆ, ಅದನ್ನು ದಾಖಲಿಸುತ್ತೇನೆ. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ, ಅನುಮಾನವನ್ನು ಅನುಮಾನವೆಂದೂ ಬೇರೆ ಬೇರೆ ಇಟ್ಟಿದ್ದೇನೆ. ಡೆಸ್ಕಿನಲ್ಲಿ ಕಲಿತ ಅಭ್ಯಾಸ, ಬಿಡಲಾಗದು.

ಮೊದಮೊದಲು ನಮ್ಮಲ್ಲಿ ಸುದ್ದಿ ಒಂದು ಮೇಜಿನಿಂದ ಇನ್ನೊಂದಕ್ಕೆ ಪೆನ್‌ಡ್ರೈವಿನಲ್ಲಿ ಹೋಗುತ್ತಿತ್ತು. ಅದು ಯಾರದೋ ಅಂಗಿಯ ಜೇಬಿನಲ್ಲಿ ಉಳಿದು, ಅವರ ಜೊತೆ ಮನೆಗೆ ಹೋಗಿ, ಬಟ್ಟೆಯ ಜೊತೆ ಒಗೆಸಿಕೊಂಡು ಬಂದದ್ದೂ ಉಂಟು. ಆಮೇಲೆ ಮೂಲೆಯಲ್ಲಿ ಒಂದು ಸರ್ವರ್ ಯಂತ್ರ ಇಟ್ಟು, ಎಲ್ಲ ಕಂಪ್ಯೂಟರುಗಳಿಂದ ಅದಕ್ಕೆ ತಂತಿ ಎಳೆದೆವು. ಅದರೊಳಗೆ ಎಲ್ಲರೂ ಬಳಸುವ ಒಂದು ಫೋಲ್ಡರ್. ವರದಿಗಾರ ಅಲ್ಲಿ ಇಡುತ್ತಾನೆ, ನಾನು ಅಲ್ಲೇ ತೆರೆದು ತಿದ್ದುತ್ತೇನೆ, ಪುಟ ಕಟ್ಟುವವರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಶುರುವಿನ ವಾರವೇ ಜಾಹೀರಾತಿನವರು ಮೌಸ್ ಹಿಡಿದು ಏನನ್ನೋ ಎಳೆದು ಮುಖಪುಟವನ್ನೇ ಮಾಯ ಮಾಡಿದರು. ಇಡೀ ಮಧ್ಯಾಹ್ನ ಹುಡುಕಿದ ಮೇಲೆ ಅದು ಶ್ರದ್ಧಾಂಜಲಿಯ ಫೋಲ್ಡರಿನಲ್ಲಿ ಸಿಕ್ಕಿತು. "ಹಂಗಾದ್ರ ನಮ್ಮ ಪೇಪರ್ ತೀರಿಕೊಂಡದ ಅಂತಾತು," ಎಂದು ಶಹಾಪುರದ ವರದಿಗಾರ ಮಹಿಬೂಬ ನಕ್ಕ. ನಮ್ಮ ಮಾಲೀಕರು ನಗಲಿಲ್ಲ. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ ಎಂದು ಅಪ್ಪಣೆ ಮಾಡಿದರು. ಕೊಟ್ಟೆ. ಅಂದಿನಿಂದ ಕಚೇರಿಯಲ್ಲಿ ಎಲ್ಲರೂ ಬೀಗ ಬಿತ್ತೆಂದು ನಂಬಿದರು.

ನಾನು ನಂಬಿರಲಿಲ್ಲ. ಕಾರಣ ಪುಟ ಕಟ್ಟುವ ಯಂತ್ರ.

ಆ ಯಂತ್ರ ನಮ್ಮಲ್ಲಿ ಎಲ್ಲಕ್ಕಿಂತ ಹಳೆಯದು. ನಮ್ಮ ಕನ್ನಡ ಅಕ್ಷರಗಳ ತಂತ್ರಾಂಶ ಅದೊಂದರಲ್ಲೇ ನಡೆಯುತ್ತಿತ್ತು. ಆ ತಂತ್ರಾಂಶಕ್ಕೆ ಬೀಗದ ಕೈಯಂತೆ ಬೆರಳುದ್ದದ ಒಂದು ಡಾಂಗಲ್. ಯಂತ್ರದ ಬೆನ್ನಿಗೆ ಸದಾ ಚುಚ್ಚಿರಬೇಕು. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಡಾಂಗಲನ್ನು ಅದು ಗುರುತಿಸಿದರೆ ಗುರುತಿಸಿತು, ಇಲ್ಲವಾದರೆ ಅಂದಿನ ಪತ್ರಿಕೆ ಇಲ್ಲ. ಹೀಗಾಗಿ ಅದನ್ನು ಯಾರೂ ಆರಿಸುತ್ತಿರಲಿಲ್ಲ. ಆಯುಧಪೂಜೆಯ ದಿನವೂ ಕರೆಂಟು ತೆಗೆಯದೆ, ಹಸಿ ಬಟ್ಟೆ ಮುಟ್ಟಿಸದೆ, ದೂರದಿಂದಲೇ ಕುಂಕುಮ ಹಚ್ಚುತ್ತಿದ್ದರು. ಪುಟ ಕಟ್ಟುವವಳು ಶಾಂತಾಬಾಯಿ. ಸುರಪುರದ ಕಡೆಯವಳು, ಯಾದಗಿರಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಯಂತ್ರ ತೆರೆದದ್ದು ಅವಳ ಹೆಸರಿನಲ್ಲಿ, ಇಡೀ ವರ್ಷ ತೆರೆದೇ ಇರುತ್ತಿದ್ದುದೂ ಅವಳ ಹೆಸರಿನಲ್ಲಿಯೇ. ಅವಳು ಊಟಕ್ಕೆದ್ದರೆ ಜಾಹೀರಾತಿನವರು ಕೂಡುತ್ತಿದ್ದರು. ಅವರು ಎದ್ದರೆ ಕರಡು ತಿದ್ದುವವರು. ಸರ್ವರ್ ಯಂತ್ರದ ಲೆಕ್ಕದಲ್ಲಿ ಎಲ್ಲರೂ ಶಾಂತಾಬಾಯಿಯೇ.

ಇನ್ನೊಂದು ತೊಡಕೂ ಇತ್ತು. ಕಂಪ್ಯೂಟರುಗಳು ಒಂದರಿಂದ ಒಂದು ಕಡತ ಕೇಳಿ ಪಡೆಯಲು ಅವುಗಳಿಗೆ ಒಂದು ಒಪ್ಪಿದ ಮಾತಿನ ಕ್ರಮ ಬೇಕು. ಅದಕ್ಕೆ ಪ್ರೊಟೊಕಾಲ್ ಎನ್ನುತ್ತಾರೆ. ನಾವು ಬಳಸುತ್ತಿದ್ದುದು ಎಸ್‌ಎಂಬಿ. ಅದರ ಹಳೆಯ ಆವೃತ್ತಿಯಲ್ಲಿ ಕಡತದ ಅಕ್ಷರಗಳು ತಂತಿಯ ಮೇಲೆ ಇದ್ದಂತೆಯೇ ಹೋಗುತ್ತವೆ. ಹೊಸ ಆವೃತ್ತಿಯಲ್ಲಿ ಎನ್‌ಕ್ರಿಪ್ಷನ್ ಇದೆ: ಹೊರಡುವ ಮೊದಲು ಅಕ್ಷರಗಳನ್ನು ಗೂಢಲಿಪಿ ಮಾಡಿ, ತಲುಪಿದ ಮೇಲೆ ಬಿಡಿಸಿಕೊಳ್ಳುತ್ತದೆ. ನಡುವೆ ಯಾರು ಹಿಡಿದರೂ ಕಸ. ನಮ್ಮ ಸರ್ವರ್ ಯಂತ್ರಕ್ಕೆ ಹೊಸದೂ ಬರುತ್ತಿತ್ತು. ಆದರೆ ಗೂಢಲಿಪಿ ಬಾರದವರನ್ನು ಒಳಗೆ ಬಿಡಬೇಡ ಎಂದು ಅದಕ್ಕೆ ಆಜ್ಞೆ ಮಾಡಿದರೆ ಪುಟದ ಯಂತ್ರ ಹೊರಗುಳಿಯುತ್ತಿತ್ತು. ಅದೊಂದಕ್ಕಾಗಿ ಇಡೀ ಕಚೇರಿ ತೆರೆದ ಮಾತಿನಲ್ಲೇ ನಡೆಯುತ್ತಿತ್ತು. ಹೊಸ ಯಂತ್ರ ತರಿಸಿ ಎಂದು ಮಾಲೀಕರಿಗೆ ಹೇಳಿದ್ದೆ. ಅವರು ಹತ್ತಿ ವ್ಯಾಪಾರದ ಮನೆತನದವರು, ಹೆಸರು ಗುರಪ್ಪ ಸಾಹುಕಾರ. "ಅದು ಓಡಾಕತ್ತದಿಲ್ಲೊ? ಓಡೂ ಎತ್ತಿಗೆ ಯಾಕ ಬಾರಕೋಲು?" ಎಂದರು.

ಇಷ್ಟು ಹಿನ್ನೆಲೆ.

ಯಾದಗಿರಿ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಶಹಾಪುರ, ಸುರಪುರದ ಕಡೆ ಕಾಲುವೆ ನೀರಿನಿಂದ ಭತ್ತ ಬೆಳೆದು ಜನರ ಊಟವೇ ಬದಲಾಗಿತ್ತು. ನೀರು ಬಂದಲ್ಲಿ ನೀರಿನ ಜಗಳವೂ ಬಂದಿತ್ತು. ಕಾಲುವೆಯ ತಲೆಯ ಕಡೆಯವರು ದಂಡೆಯ ಮೇಲೆ ಡೀಸೆಲ್ ಪಂಪು ಕೂಡಿಸಿ ಎಳೆದುಕೊಂಡರೆ ಕೊನೆಯ ಊರುಗಳ ಗದ್ದೆಗೆ ಕೆಸರೂ ತಲುಪುತ್ತಿರಲಿಲ್ಲ. ಮಹಿಬೂಬ ಮೋಟಾರ್ ಸೈಕಲ್ ಮೇಲೆ ಉಪಕಾಲುವೆಗಳ ಗುಂಟ ಅಡ್ಡಾಡಿ ಪಂಪುಗಳನ್ನು ಕಂಡು ಬರುತ್ತಿದ್ದ. ನಮ್ಮಲ್ಲಿ ಚಿತ್ರವಿಲ್ಲದೆ ಅಂಥ ಸುದ್ದಿ ಹಾಕುವ ಪದ್ಧತಿ ಇರಲಿಲ್ಲ. ಮಾನನಷ್ಟದ ನೋಟಿಸ್ ಬಂದೀತೆಂಬ ಭಯ. ಹಾಗಾಗಿ ಅವನು ಯಾದಗಿರಿಗೆ ಬಂದು ಸುದ್ದಿ ಬರೆದು ಫೋಲ್ಡರಿನಲ್ಲಿ ಇಡುವುದು, ಮರುದಿನ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಂಡು ಹೋಗುವುದು.

ಮೊದಲ ಸಲ ಹೋದಾಗ ಪಂಪು ಇರಲಿಲ್ಲ. ತಾವಾಗಿಯೇ ಕಿತ್ತಿರಬಹುದು ಎಂದುಕೊಂಡೆವು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಮಹಿಬೂಬ ತಂದ ಚಿತ್ರದಲ್ಲಿ ಟ್ರ್ಯಾಕ್ಟರ್ ಗಾಲಿಯ ಹಸಿ ಗುರುತು, ದಂಡೆಯ ಹುಲ್ಲಿನ ಮೇಲೆ ಡೀಸೆಲ್ಲಿನ ಕಪ್ಪು ಕಲೆ ಮಾತ್ರ ಇದ್ದವು.

ಸಾಹುಕಾರರು ಎಲ್ಲರನ್ನೂ ಡೆಸ್ಕಿನ ಹಾಲಿಗೆ ಕರೆಸಿದರು.

"ನಾವು ಹೋಗೂಕಿಂತ ಮುಂಚೆ ನಮ್ಮ ಸುದ್ದಿ ಕಾಲುವಿ ಮ್ಯಾಲ ಹೋಗಿ ಕುಂತಿರ್ತದ. ಯಾರಪಾ ಒಯ್ಯಾವ್ರು?"

ಅವರ ಕಣ್ಣು ಮಹಿಬೂಬನ ಮೇಲೆ ನಿಂತಿತು.

"ನನ್ನ ಮುಖ ಯಾಕ ನೋಡ್ತೀರಿ ಸಾವ್ಕಾರ್ರ?" ಎಂದ ಅವನು. "ನಾ ಮಾರ್ಕೊಳಾಂವ ಇದ್ರ ಬಿಸಲಾಗ ಅಡ್ಡಾಡಿ ಬರ್ಯಾದು ಯಾಕ ಬೇಕಿತ್ತು?"

ಸಾಹುಕಾರರು ನನ್ನ ಕಡೆ ತಿರುಗಿ, ಆ ಕಡತವನ್ನು ಯಾರು ತೆರೆದಿದ್ದರೆಂದು ಯಂತ್ರ ಹೇಳುವುದಿಲ್ಲವೇ ಎಂದು ಕೇಳಿದರು. ಹೇಳುತ್ತದೆ. ನೋಡಿದೆ. ಮೂರೂ ಸಲ ಮಹಿಬೂಬ ಮತ್ತು ನನ್ನ ಹೆಸರಿನ ನಂತರ ಇದ್ದ ಹೆಸರು ಒಂದೇ, ಶಾಂತಾ.

"ಅದು ಯಂತ್ರದ ಹೆಸರು ಅಂತ ತಿಳೀರಿ," ಎಂದೆ. "ಅಲ್ಲಿ ಕೂಡುವವರು ಬಹಳ ಮಂದಿ."

ಸಾಹುಕಾರರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. "ಶಾಂತಾಬಾಯಿ, ನಿನ್ನ ತಮ್ಮ ಯಾರ ಮನಿ ಟ್ರ್ಯಾಕ್ಟರ್ ಹೊಡಿತಾನ?"

ಅವಳ ತಮ್ಮ ಕಾಲುವೆಯ ತಲೆಯ ಕಡೆಯ ಒಬ್ಬ ದೊಡ್ಡ ಗದ್ದೆಯವರಲ್ಲಿ ಚಾಲಕನಾಗಿದ್ದ. ಎಲ್ಲರಿಗೂ ಗೊತ್ತಿದ್ದ ಸಂಗತಿ.

"ಹೊಡಿತಾನ್ರಿ," ಎಂದಳು ಶಾಂತಾಬಾಯಿ. "ಹೊಟ್ಟಿಗೆ ಬೇಕಲ್ರಿ, ಹೊಡಿತಾನ. ನಾ ಏನು ಅವಗ ದಿನಾ ಪೇಪರ್ ಓದಿ ಹೇಳ್ತೀನೇನ್ರಿ?"

"ಇದು ಬಗಿಹರಿಯೂತನ ಮನ್ಯಾಗ ಇರು."

"ಕಳ್ಳಿ ಅಂದಂಗಾತಲ್ರಿ ಅದು."

"ಇರು ಅಂದೆ, ಅಷ್ಟ."

ಅವಳು ತನ್ನ ಊಟದ ಡಬ್ಬಿ ತೆಗೆದುಕೊಂಡು, ಅಲ್ಲಿದ್ದ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದಳು. ಯಾದಗಿರಿಯಲ್ಲಿ ಪುಟ ಕಟ್ಟುವ ಕೆಲಸ ಕೊಡುವ ಕಚೇರಿಗಳು ಬೆರಳೆಣಿಕೆಯಷ್ಟು. ಸುದ್ದಿ ಮಾರಿದವಳು ಎಂಬ ಹೆಸರು ಹತ್ತಿದರೆ ಒಂದರ ಬಾಗಿಲೂ ಅವಳಿಗೆ ತೆರೆಯದು. ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದ ಹತ್ತಿರದ ಚಹಾ ಹೋಟೆಲಿನಲ್ಲಿ ಆ ಮಾತು ನನ್ನ ಕಿವಿಗೇ ಬಿತ್ತು, ಹೆಸರಿನ ಸಮೇತ.

ಅವಳು ನಿರ್ದೋಷಿ ಎಂದು ನನಗೆ ಆಗ ಗೊತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ಮೇಲೂ ನನಗೆ ಅನುಮಾನವಿತ್ತು. ಮಹಿಬೂಬನ ಮೇಲೂ, ಕರಡು ತಿದ್ದುವವರ ಮೇಲೂ ಇತ್ತು. ಜಾಲ ನೋಡಿಕೊಳ್ಳುವವನಿಗೆ ಅನುಮಾನ ಅವಗುಣವಲ್ಲ, ಅದನ್ನು ಒಬ್ಬರ ಮೇಲೆಯೇ ಹೊರಿಸಿ ಕೂತರೆ ಮಾತ್ರ ಕೆಡುಕು. ದಾಖಲೆ ಹೇಳುತ್ತಿದ್ದುದು ಯಾವ ಹೆಸರಿನಲ್ಲಿ ಕಡತ ತೆರೆಯಿತು ಎಂದಷ್ಟೆ. ಆ ಹೆಸರಿನ ಹಿಂದೆ ಯಾರು ಕೂತಿದ್ದರೆಂದು ಅದಕ್ಕೆ ತಿಳಿಯದು. ಕಡತವನ್ನು ತೆರೆಯದೆಯೇ, ಅದು ತಂತಿಯ ಮೇಲೆ ಹೋಗುವಾಗ ಓದಿಕೊಂಡವರ ಬಗ್ಗೆಯಂತೂ ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಈ ಕೊನೆಯ ಮಾತು ನನ್ನನ್ನು ಕೊರೆಯತೊಡಗಿತು.

ಅದೇ ವಾರ ಮಹಿಬೂಬ ಬೋನಾಳ ಕೆರೆಯ ಕಡೆಯ ಉಪಕಾಲುವೆಯ ಮೇಲೆ ಮತ್ತೆ ಪಂಪುಗಳನ್ನು ಕಂಡ. ಕಂಡರೆ ಬರೆಯಬೇಡ, ಫೋನಿನಲ್ಲೂ ಹೇಳಬೇಡ, ಬಂದು ಬಾಯಲ್ಲಿ ಹೇಳು ಎಂದು ಮೊದಲೇ ಅವನಿಗೆ ತಿಳಿಸಿದ್ದೆ. ಬಂದು ಹೇಳಿದ. ಮರುದಿನ ಬೆಳಿಗ್ಗೆಯಿಂದಲೇ ಆ ಪಂಪುಗಳು ಕಾಣುವ ಜಾಗದಲ್ಲಿ ಕೂತಿರು, ಏನಾಗುತ್ತದೆ ನೋಡು ಎಂದು ಕಳಿಸಿದೆ.

ಅವನು ಅಲ್ಲಿ ಕೂತಿದ್ದ ದಿನವೇ ನಾನು ಸರ್ವರಿನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ನನ್ನ ಹೆಸರೊಂದರ ಹೊರತು ಬೇರೆ ಯಾವ ಹೆಸರಿಗೂ ಅದು ತೆರೆಯದಂತೆ ಕಟ್ಟಿದೆ. ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಸುದ್ದಿ ಬರೆದೆ. ಬೋನಾಳದ ಕಡೆಯ ಪಂಪುಗಳನ್ನು ಹಿಡಿಯಲು ನಾಳೆ ಮುಂಜಾನೆ ನೀರಾವರಿ ಅಧಿಕಾರಿಗಳ ಜೀಪು ಬರಲಿದೆ, ನಮ್ಮ ಕ್ಯಾಮೆರಾ ಅದರ ಜೊತೆಗೇ ಇರುತ್ತದೆ ಎಂದು. ಜೀಪಿನ ಮಾತು ನನ್ನ ಕಲ್ಪನೆ, ಮಹಿಬೂಬನಿಗೂ ಹೇಳಿರಲಿಲ್ಲ. ಅದು ಅಚ್ಚಿಗೆ ಹೋಗುವ ಸುದ್ದಿಯೂ ಆಗಿರಲಿಲ್ಲ. ಅದನ್ನು ಆ ಫೋಲ್ಡರಿಗೆ ಕಳಿಸಿದೆ, ಮತ್ತೆ ತರಿಸಿ ತೆರೆದೆ, ಮತ್ತೆ ಕಳಿಸಿದೆ. ತಂತಿಯ ಮೇಲೆ ಅದು ಹಲವು ಸಲ ಓಡಾಡಲಿ ಎಂಬುದು ಉದ್ದೇಶ. ಶಾಂತಾಬಾಯಿ ಮನೆಯಲ್ಲಿದ್ದಳು. ಪುಟದ ಯಂತ್ರಕ್ಕೆ ಆ ಫೋಲ್ಡರ್ ತೆರೆಯುತ್ತಿರಲಿಲ್ಲ.

ಮಹಿಬೂಬ ಕೊರಳಿಗೆ ಹಳೆಯ ದುರ್ಬೀನು ಹಾಕಿಕೊಂಡು, ಹಕ್ಕಿ ನೋಡಲು ಬಂದವನಂತೆ ಕೆರೆಯ ಕಡೆ ಕೂತಿದ್ದನಂತೆ. ಮುಂದಿನದು ಅವನಿಂದ ಕೇಳಿದ್ದು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಬಂತು. ಚಾಲಕ ಶಾಂತಾಬಾಯಿಯ ತಮ್ಮನಲ್ಲ. ಆ ತಮ್ಮನನ್ನು ಮಹಿಬೂಬ ಚೆನ್ನಾಗಿ ಬಲ್ಲ. ಇಬ್ಬರು ಆಳುಗಳು ಪಂಪು ಕಿತ್ತು ಟ್ರಾಲಿಗೆ ಹೇರತೊಡಗಿದರು. ಮಹಿಬೂಬ ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಹತ್ತಿರ ಹೋದ.

"ಯಾಕಪಾ, ನೀರು ಸಾಕಾತೇನು?"

"ಸಾಕೆಲ್ಲಿ ಆಗ್ತದರಿ," ಎಂದ ಚಾಲಕ. "ನಾಳೆ ಜೀಪ್ ಬರ್ತದಂತ. ಸಂಗಟ ಪೇಪರ್‌ನಾವ್ರೂ ಬರ್ತಾರಂತ. ಮಾಲಕ್ರು ಜಲ್ದಿ ಕೀಳ್ರಿ ಅಂದಾರ."

ಮಹಿಬೂಬ ಅಲ್ಲಿಂದ ನೇರ ಯಾದಗಿರಿಗೆ ಬಂದ. ನನ್ನ ಕೋಣೆಯಲ್ಲಿ ನಿಂತು ಇದಿಷ್ಟೂ ಹೇಳಿ ಕೇಳಿದ:

"ಜೀಪ್ ಯಾವುದ್ರಿ ಸರ್? ನನಗ ಹೇಳಲಿಲ್ಲಲ್ಲ ನೀವು?"

"ಹೇಳಿರಲಿಲ್ಲ."

"ನನ್ನ ಮ್ಯಾಲೂ ಡೌಟ್ ಇತ್ತೇನ್ರಿ?"

"ಇತ್ತು."

"ಛಲೋ ಆತು. ಈಗ ಹೋತಿಲ್ಲೊ? ಹಂಗಾದ್ರ ಚಾ ಕುಡಸ್ರಿ." ನನಗೊಬ್ಬನಿಗೇ ತೆರೆಯುವ ಆ ಫೋಲ್ಡರಿನ ಸಂಗತಿಯನ್ನು ಅವನಿಗೆ ಹೇಳಿದೆ. ಅವನು ಕುರ್ಚಿ ಎಳೆದು ಕೂತು, "ಯಾರೂ ತೆರೀಲಿಲ್ಲ ಅಂತೀರಿ, ಮತ್ತ ಸುದ್ದಿ ಹೋಗ್ಯಾದ ಅಂತೀರಿ. ಅಂದ್ರ ನಮ್ಮ ವಾಯರಿಗೂ ಪಂಪ್ ಹಚ್ಚ್ಯಾರ ಅನ್ರಿ," ಎಂದ.

ನಾನು ಕೈಪಿಡಿಯಲ್ಲಿ ಓದಿದ್ದ ಎಷ್ಟೋ ಪುಟಗಳನ್ನು ಅವನು ಒಂದು ಮಾತಿನಲ್ಲಿ ಹೇಳಿದ್ದ. ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಯಾರು ಯಾವ ಫೋಲ್ಡರ್ ತೆರೆಯಬಹುದು ಎಂಬ ಅನುಮತಿಗಳು ಗದ್ದೆಯ ಬದುವಿದ್ದಂತೆ. ನೀರು ಗದ್ದೆಗೆ ಬಂದ ಮೇಲೆ ಕಾಯುತ್ತವೆ. ದಾರಿಯಲ್ಲಿ, ತೆರೆದ ಕಾಲುವೆಯಲ್ಲಿ, ಅವು ಏನನ್ನೂ ಕಾಯುವುದಿಲ್ಲ.

ಇಬ್ಬರೂ ತಂತಿ ಹಿಡಿದು ಹೊರಟೆವು. ಹಾಲಿನ ಗೋಡೆಗೆ ಒಂದು ಹಳೆಯ ಹಬ್ ಮೊಳೆ ಹೊಡೆದು ತೂಗಿಹಾಕಿತ್ತು. ಅದು ಎಲ್ಲ ತಂತಿಗಳೂ ಕೂಡುವ ಪೆಟ್ಟಿಗೆ. ಈಗಿನ ಸ್ವಿಚ್ಚುಗಳು ಯಾರಿಗೆ ಬಂದ ಮಾತನ್ನು ಅವರಿಗೇ ಮುಟ್ಟಿಸುತ್ತವೆ. ಹಳೆಯ ಹಬ್ಬಿನದು ಡಂಗುರದ ಸ್ವಭಾವ: ಒಬ್ಬರು ಆಡಿದ್ದನ್ನು ಜೋಡಿಸಿಕೊಂಡ ಎಲ್ಲರಿಗೂ ಸಾರುತ್ತದೆ. ಅದಕ್ಕೆ ಸೇರಿದ ತಂತಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆವು. ಒಂದು ಬೂದು ತಂತಿ ಯಾವ ಮೇಜಿಗೂ ಹೋಗದೆ, ಅಲಮಾರಿಯ ಹಿಂದೆ ಇಳಿದು, ಕಿಟಕಿಯ ಸಂದಿಯಿಂದ ಹೊರಗೆ ಹೋಗಿತ್ತು. ಕೆಳಗೆ ಬಗ್ಗಿ ನೋಡಿದರೆ ನೆಲಮಹಡಿಯ ಕಂಪ್ಯೂಟರ್ ಮತ್ತು ಝೆರಾಕ್ಸ್ ಅಂಗಡಿಯ ತಗಡಿನ ಮರೆಗೆ ನುಗ್ಗಿತ್ತು.

ಆ ಅಂಗಡಿ ಸಾಹುಕಾರರ ಅಕ್ಕನ ಮಗ ಚಂದ್ರಶೇಖರನದು. ಡೀಸೆಲ್ ಪಂಪುಗಳನ್ನು ಬಾಡಿಗೆಗೆ ಕೊಡುವುದು ಅವನ ಇನ್ನೊಂದು ಉದ್ಯೋಗವೆಂದು ಮಹಿಬೂಬ ಹೇಳಿದ. ನಾನು ತಂತಿ ಕಿತ್ತೆ. ನಾವು ಕಿಟಕಿ ಬಿಟ್ಟು ತಿರುಗುವಷ್ಟರಲ್ಲಿ ಚಂದ್ರಶೇಖರ ಮೇಲೆ ಬಂದಿದ್ದ.

"ನೆಟ್ ಹೋತಲ್ರಿ ಸರ್. ಗಿರಾಕಿ ನಿಂತಾರ."

"ಈ ತಂತಿ ಯಾವಾಗಿನಿಂದ ಇದೆ?"

"ಮಾಮಾನ ಕೊಡ್ಸ್ಯಾರ. ಬ್ಯಾರೆ ಕನೆಕ್ಷನ್ ಯಾಕಂತ."

ಮೂವರೂ ಸಾಹುಕಾರರ ಎದುರು ನಿಂತೆವು. ನಾನು ಕಂಡದ್ದನ್ನು ಕ್ರಮವಾಗಿ ಹೇಳಿದೆ: ನನಗೊಬ್ಬನಿಗೇ ತೆರೆಯುವ ಫೋಲ್ಡರಿಗೆ ಕಳಿಸಿದ ಸುದ್ದಿ, ಅದರಲ್ಲಿದ್ದ ಜೀಪು ಅದೇ ದಿನ ಟ್ರ್ಯಾಕ್ಟರ್ ಚಾಲಕನ ಬಾಯಲ್ಲಿ ಬಂದದ್ದು, ಹಬ್ಬಿನಿಂದ ಅಂಗಡಿಗೆ ಇಳಿದ ತಂತಿ. ಅಂಗಡಿಯ ಕಂಪ್ಯೂಟರನ್ನು ನೋಡಲು ಅನುಮತಿ ಕೇಳಿದೆ. ತಂತಿಯ ಮೇಲಿನ ಮಾತನ್ನು ಹಿಡಿದಿಡುವ ತಂತ್ರಾಂಶ ಅದರಲ್ಲಿದೆಯೇ ಎಂದು ಆಗಲೇ ತಿಳಿಯಬಹುದಿತ್ತು.

"ನಮ್ಮ ಕಂಪ್ಯೂಟರಿಗೆ ವೈರಸ್ ಬಂದಿತ್ರಿ ಮಾಮಾ," ಎಂದ ಚಂದ್ರಶೇಖರ, ಯಾರೂ ಕೇಳದೆಯೇ. "ನಾಳೆ ಮುಂಜಾನಿ ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕಂತ ಇದ್ದೆ."

ಸಾಹುಕಾರರು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನೀ ಕೆಳಗ ಹೋಗು," ಎಂದರು. ನನಗೆ, "ಅಂಗಡಿ ನೋಡೂದು ಬ್ಯಾಡ. ತಂತಿ ಕಿತ್ತೀರಲ್ಲ, ಸಾಕು," ಎಂದರು.

ಹೀಗಾಗಿ ದಾಖಲೆ ಇಲ್ಲಿಗೆ ನಿಲ್ಲುತ್ತದೆ. ಅಂಗಡಿಯಲ್ಲಿ ಯಾರು ಓದುತ್ತಿದ್ದರು, ಓದಿದ್ದನ್ನು ಯಾರಿಗೆ ತಲುಪಿಸುತ್ತಿದ್ದರು ಎಂಬುದನ್ನು ನಾನು ಕಣ್ಣಾರೆ ಕಂಡಿಲ್ಲ. ಸಾಹುಕಾರರಿಗೆ ಅಂದೇ ತಿಳಿಯಿತೋ, ಮುಂಚೆಯೇ ಗೊತ್ತಿತ್ತೋ ಎಂಬ ಅನುಮಾನ ನಿವೃತ್ತಿಯ ದಿನದವರೆಗೂ ಹೋಗಲಿಲ್ಲ. ಅನುಮಾನವನ್ನು ಸುದ್ದಿಯೆಂದು ಬರೆಯಬಾರದು.

"ಶಾಂತಾಬಾಯಿ?" ಎಂದೆ.

"ಬಾ ಅಂತ ಫೋನ್ ಮಾಡ್ರಿ."

ಮಾಡಿದೆ.

"ಹೋಗು ಅಂದಿದ್ದು ಎಲ್ಲಾರ ಎದುರಿಗೆ ಅಲ್ರಿ ಸರ್?" ಎಂದಳು. "ಬಾ ಅನ್ನೂದು ಯಾಕ ಫೋನಿನ್ಯಾಗ? ಎಲ್ಲಿ ಅಂದಾರ, ಅಲ್ಲೇ ಅನ್ಲಿ. ಇಲ್ಲಂದ್ರ ನಾ ಸುರಪುರಕ್ಕ ಹೋಗಿ ಹತ್ತಿ ಬಿಡಿಸ್ತೀನಿ, ಅಲ್ಲಿ ನನಗ ಕಳ್ಳಿ ಅನ್ನಾವ್ರು ಯಾರೂ ಇಲ್ಲ."

ಅದನ್ನು ಹಾಗೆಯೇ ಸಾಹುಕಾರರಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು. "ನಾ ಆಕಿ ಎದುರಿಗೆ ನಿಂದರಬೇಕೇನು?" ಎಂದರು. ಆ ವಾರದ ಪುಟಗಳನ್ನು ಕರಡು ತಿದ್ದುವವರು ಕಟ್ಟುತ್ತಿದ್ದರು. ಮುಖಪುಟದ ತಲೆಬರಹ ಪಕ್ಕದ ಅಂಕಣಕ್ಕೆ ಹರಿದು, ಮದುವೆಯ ಚಿತ್ರದ ಕೆಳಗೆ ಅಪಘಾತದ ವಿವರ ಹೋಗಿತ್ತು. ಮದುಮಗನ ತಂದೆ ಕಚೇರಿಗೆ ಬಂದು ಮೇಜು ಗುದ್ದಿ ಹೋಗಿದ್ದರು. ಇದನ್ನೂ ನೆನಪಿಸಿದೆ. ಜೊತೆಗೆ ಇನ್ನೊಂದು ಮಾತು ಹೇಳಿದೆ: ಅವಳನ್ನು ಹಳೆಯ ಯಂತ್ರದ ಮುಂದೆ ಕೂಡಿಸಿದರೆ ಹಳೆಯ ಮಾತೇ ನಡೆಯುತ್ತದೆ. ಕಿತ್ತದ್ದು ಒಂದು ತಂತಿ. ನಾಳೆ ಇನ್ನೊಂದು ಕಡೆಯಿಂದ ಇನ್ನೊಬ್ಬರು ಎಳೆದುಕೊಂಡರೆ ಮತ್ತೆ ಅವಳ ಹೆಸರೇ ಬರುತ್ತದೆ.

ಕೆಲವು ದಿನಗಳಲ್ಲಿ ಹೊಸ ಯಂತ್ರ ಬಂತು, ಯುನಿಕೋಡ್ ಅಕ್ಷರಗಳ ತಂತ್ರಾಂಶವೂ ಬಂತು. ಹಬ್ಬಿನ ಜಾಗಕ್ಕೆ ಸ್ವಿಚ್ ತೂಗಿಹಾಕಿದೆ. ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಸರ್ವರಿನಲ್ಲಿ ಪೂರ್ತಿ ಆರಿಸಿ, ಗೂಢಲಿಪಿಯಿಲ್ಲದೆ ಬಂದವರನ್ನು ಒಳಗೆ ಬಿಡಬೇಡ ಎಂಬ ಆಜ್ಞೆ ಬರೆದೆ. ಹಳೆಯ ಪುಟಗಳನ್ನು ಹೊಸ ಯಂತ್ರದಲ್ಲಿ ತೆರೆದರೆ ಅಕ್ಷರಗಳೆಲ್ಲ ಮುರಿದ ಬಳೆಚೂರಿನಂತೆ ಕಂಡವು. ಅವನ್ನು ಸರಿಪಡಿಸಲು ತಿಂಗಳುಗಳೇ ಹಿಡಿದವು. ಕೆಲಸ ನಿಧಾನವಾಯಿತು ಎಂದು ಎಲ್ಲರೂ ಬೈದರು, ಬೈಯಲಿ. ಅದೇ ಋತುವಿನಲ್ಲಿ ಮಹಿಬೂಬ ಪಂಪುಗಳ ಚಿತ್ರ ತಂದ, ಅಚ್ಚಾಯಿತು.

ಹೊಸ ಯಂತ್ರ ಬಂದ ದಿನ ಶಾಂತಾಬಾಯಿ ಬಂದಳು. ಒಳಗೆ ಕಾಲಿಡಲಿಲ್ಲ, ಹಾಲಿನ ಹೊಸ್ತಿಲಲ್ಲೇ ನಿಂತಳು. ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ಸಾಹುಕಾರರು ತಮ್ಮ ಕೋಣೆಯಿಂದ ಎದ್ದು ಬಂದರು.

"ಶಾಂತಾಬಾಯಿದು ಏನೂ ತಪ್ಪಿಲ್ಲ," ಎಂದರು, ಗೋಡೆಗೆ ಹೇಳುವವರಂತೆ.

"ಕೇಳಸ್ಲಿಲ್ರಿ," ಎಂದಳು ಅವಳು.

ಅವರು ತಿರುಗಿ ಅವಳ ಮುಖ ನೋಡಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಅವಳು ಬಂದು ಹೊಸ ಯಂತ್ರದ ಮುಂದೆ ಕೂತಳು. ಅವಳ ಹೆಸರಿಗೆ ಹೊಸ ಪಾಸ್‌ವರ್ಡ್ ಹಾಕಬೇಕಿತ್ತು. ಎಲ್ಲಿ ಬರೆಯಬೇಕೆಂದು ತೋರಿಸಲು ನಾನು ಪಕ್ಕದಲ್ಲಿ ಬಗ್ಗಿ ನಿಂತಿದ್ದೆ. ಅವಳು ಕೀಲಿಗಳ ಮೇಲೆ ಕೈ ಇಟ್ಟು, ಒತ್ತದೆ ತಡೆದಳು.

"ಸರ್, ಆ ಕಡಿ ತಿರುಗ್ರಿ."

ತಿರುಗಿದೆ.

"ಸಾವ್ಕಾರ್ರ, ನೀವೂ."

ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಂತೆವು. ಬೆನ್ನ ಹಿಂದೆ ಅವಳು ಕೀಲಿಗಳನ್ನು ಒತ್ತುವುದು ಕೇಳುತ್ತಿತ್ತು. ಆತುರವಿರಲಿಲ್ಲ, ಬಹಳ ಉದ್ದದ ಪಾಸ್‌ವರ್ಡ್ ಆಗಿತ್ತು.